ತುಂಡು ಬಟ್ಟೆಗೆ ಬೆಲೆಯಿದೆ, ಹೊಲಿಯುವ ಕೈಗೆ?

ಶ್ರಾವಣ ಬಂತೆಂದರೆ ನಮ್ಮ ಬಡಾವಣೆಗಳಲ್ಲಿ ರವಿಕೆ ಬಟ್ಟೆಗಳ ಸಂಚಾರ ಆರಂಭವಾಗುತ್ತದೆ. ವರಮಹಾಲಕ್ಷ್ಮಿ ವ್ರತಕ್ಕೆ ಅರಿಶಿನ ಕುಂಕುಮ ತೆಗೆದುಕೊಳ್ಳಲು ಹೋದವರ ಕೈಗೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ಜೊತೆಗೆ ಒಂದು ರವಿಕೆ ಕಣ ಬರುತ್ತದೆ. ಗೌರಿ ಹಬ್ಬದ ಬಾಗಿನದಲ್ಲಿ ಇನ್ನೊಂದು, ನವರಾತ್ರಿಯ ಗೊಂಬೆ ನೋಡಲು ಹೋದಾಗ ಮತ್ತೊಂದು, ಗೃಹಪ್ರವೇಶ, ಸೀಮಂತಗಳಲ್ಲಿ ಮಗದೊಂದು. ಇವುಗಳಲ್ಲಿ ದರ್ಜಿಯ ಕೈ ಸೇರುವುದು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಮಡಿಕೆ ಮುರಿಯದೆ ಬೀರುವಿನಲ್ಲಿ ಕುಳಿತು, ಮುಂದಿನ ವರ್ಷ ಬೇರೊಬ್ಬರ ಮಡಿಲು ಸೇರುತ್ತವೆ. ರಾಜಾಜಿನಗರದಲ್ಲಿ ಹೊರಟ ಕಣ ವಿಜಯನಗರ, ಕೆಂಗೇರಿಗಳನ್ನು ಸುತ್ತಿಕೊಂಡು ಮತ್ತೆ ಹೊರಟ ಮನೆಗೇ ಬಂದು ಸೇರಿದರೆ ಅಚ್ಚರಿಪಡಬೇಕಿಲ್ಲ. ಕೊಡುವವರಿಗೂ ಪಡೆಯುವವರಿಗೂ ಇದು ಗೊತ್ತಿರುವ ಗುಟ್ಟು.

ಬಟ್ಟೆ ಚೆನ್ನಾಗಿಲ್ಲವೆಂದು ಯಾರೂ ಅದನ್ನು ಹೊಲಿಸದೆ ಬಿಡುವುದಿಲ್ಲ. ಹಾಗೆ ಬಂದ ಕಣಕ್ಕಿಂತ ಅದನ್ನು ರವಿಕೆಯಾಗಿಸುವ ಕೂಲಿಯೇ ಹೆಚ್ಚು, ಅದಕ್ಕೇ ಬಿಡುತ್ತಾರೆ. ಈ ಚಿಕ್ಕ ಗೃಹಕೃತ್ಯದ ಲೆಕ್ಕದಲ್ಲಿ ಒಂದು ದೊಡ್ಡ ಉದ್ಯಮದ ಸಂಕಟವೇ ಅಡಗಿದೆ. ಮಿಕ್ಕ ಬಟ್ಟೆಯಿಂದ ಉಡುಪು ತಯಾರಿಸಿ ಪರಿಸರವನ್ನು ಉಳಿಸೋಣ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಬಟ್ಟೆ ಎಲ್ಲಿ ಮಿಗುತ್ತದೆ, ಏಕೆ ಮಿಗುತ್ತದೆ, ಅದನ್ನು ಜೋಡಿಸುವವರು ಯಾರು, ಅವರಿಗೆ ಸಿಗುವುದೇನು ಎಂಬ ಪ್ರಶ್ನೆಗಳನ್ನು ಬಿಟ್ಟು ಆಡುವ ಮಾತು ಅದಾಗಬಾರದು.

ಗಿರಣಿಯಿಂದ ಗಾರ್ಮೆಂಟ್ಸ್‌ವರೆಗೆ

ಬೆಂಗಳೂರಿನ ಪಶ್ಚಿಮ ಭಾಗಕ್ಕೂ ಬಟ್ಟೆಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಅರಳೇಪೇಟೆಯ ಹೆಸರಿನಲ್ಲೇ ಹತ್ತಿಯಿದೆ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಅದರ ನೆರೆಯಲ್ಲಿತ್ತು. ಸಂವಿಧಾನದ ಮೂಲ ರಚನೆಯನ್ನು ಎತ್ತಿಹಿಡಿದ 1980ರ ಸುಪ್ರೀಂ ಕೋರ್ಟ್ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು 'ಮಿನರ್ವ ಮಿಲ್ಸ್ ಪ್ರಕರಣ' ಎಂದೇ ಓದುತ್ತಾರೆ. ಆ ಮಿನರ್ವ ಮಾಗಡಿ ರಸ್ತೆಗೆ ಸಮೀಪದ ಗೋಪಾಲಪುರದ ಬಟ್ಟೆ ಗಿರಣಿ ಎಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ನೆಲದ ಮೇಲೆ ಇಂದು ಮಾಲ್ ನಿಂತಿದೆ. ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಈಗ ಸಿದ್ಧ ಉಡುಪು ಮಾರಾಟವಾಗುತ್ತಿದೆ.

ಗಿರಣಿಗಳು ಮುಚ್ಚಿದರೂ ಬಟ್ಟೆ ಈ ದಿಕ್ಕನ್ನು ಬಿಟ್ಟು ಹೋಗಲಿಲ್ಲ. ಪೀಣ್ಯ ಮತ್ತು ಮೈಸೂರು ರಸ್ತೆಯ ಆಸುಪಾಸಿನಲ್ಲಿ ರಫ್ತು ಉಡುಪಿನ ಕಾರ್ಖಾನೆಗಳು ತಲೆಯೆತ್ತಿದವು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಹೆಗ್ಗನಹಳ್ಳಿ, ಲಗ್ಗೆರೆಗಳ ಇಕ್ಕಟ್ಟಿನ ಗಲ್ಲಿಗಳಲ್ಲಿ ಹತ್ತಿಪ್ಪತ್ತು ಯಂತ್ರಗಳ ಚಿಕ್ಕ ಘಟಕಗಳು ಹುಟ್ಟಿಕೊಂಡವು. ಬೆಳಗಿನ ಹೊತ್ತು ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವ ಹೆಣ್ಣುಮಕ್ಕಳ ಗುಂಪನ್ನು ನೋಡದೆ ಈ ಭಾಗದಲ್ಲಿ ಯಾರ ದಿನವೂ ಆರಂಭವಾಗುವುದಿಲ್ಲ. 'ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ' ಎಂಬುದು ನಮ್ಮ ಆಡುಮಾತಿನಲ್ಲಿ ಒಂದು ವೃತ್ತಿಯ ಹೆಸರೇ ಆಗಿಬಿಟ್ಟಿದೆ.

ಇಲ್ಲಿ ಬಟ್ಟೆ ಮಿಗುವುದು ಮೂರು ಬಗೆಯಲ್ಲಿ. ಮೊದಲನೆಯದು ಕತ್ತರಿಯ ಮೇಜಿನ ಚಿಂದಿ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ತೋಳು, ಕೊರಳುಪಟ್ಟಿ, ಬೆನ್ನು, ಎದೆ ಭಾಗಗಳ ನಕ್ಷೆಯನ್ನು ಮೇಲಿಟ್ಟು, ಯಂತ್ರದ ಅಲಗಿನಿಂದ ಒಂದೇ ಸಲ ಕತ್ತರಿಸುತ್ತಾರೆ. ಬಟ್ಟೆ ಚೌಕ, ಮೈ ಮಾತ್ರ ವಕ್ರರೇಖೆಗಳದ್ದು. ಆದ್ದರಿಂದ ಎಷ್ಟೇ ಜಾಣತನದಿಂದ ನಕ್ಷೆ ಹೊಂದಿಸಿದರೂ ನಡುನಡುವೆ ಸಂದುಗಳು ಉಳಿದೇ ಉಳಿಯುತ್ತವೆ. ಹೀಗೆ ಕತ್ತರಿಗೆ ಸಿಕ್ಕಿ ನೆಲಕ್ಕೆ ಬೀಳುವ ಬಟ್ಟೆ ಸುಮಾರು ಶೇಕಡ 15ರಷ್ಟು ಎಂಬುದು ಉದ್ಯಮದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಏಳು ಅಂಗಿಗೆ ಒಂದು ಅಂಗಿಯ ಬಟ್ಟೆ ನೆಲಕ್ಕೆ ಬಿತ್ತು ಎಂದು ಸ್ಥೂಲವಾಗಿ ಹೇಳಬಹುದು.

ಎರಡನೆಯದು ಥಾನಿನ ಕೊನೆಯ ತುಂಡು. ಹಾಸಿ ಮುಗಿಸಿದ ಮೇಲೆ ಇನ್ನೊಂದು ಪದರಕ್ಕೆ ಸಾಲದಷ್ಟು ಉಳಿಯುವ ಅರ್ಧ ಮೀಟರು, ಒಂದು ಮೀಟರು ಇದು. ಮೂರನೆಯದು ಇಡೀ ಥಾನೇ ಉಳಿದುಬಿಡುವುದು. ದೋಷಗಳಿರಬಹುದೆಂದು ಕಾರ್ಖಾನೆ ಮೊದಲೇ ಒಂದಿಷ್ಟು ಹೆಚ್ಚು ಬಟ್ಟೆ ತರಿಸುತ್ತದೆ. ಬಟ್ಟೆ ಗಿರಣಿಯೂ ಒಂದು ಮಿತಿಗಿಂತ ಕಡಿಮೆ ಪ್ರಮಾಣದಲ್ಲಿ ಬಣ್ಣ ಹಾಕಿಕೊಡಲು ಒಪ್ಪುವುದಿಲ್ಲ. ಬಂದ ಬಟ್ಟೆಯ ಬಣ್ಣ ಮಾದರಿಗಿಂತ ಒಂದೆಳೆ ಗಾಢವಾದರೂ ವಿದೇಶದ ಖರೀದಿದಾರ ತಿರಸ್ಕರಿಸುತ್ತಾನೆ. ಕೆಲವೊಮ್ಮೆ ಬೇಡಿಕೆಯೇ ರದ್ದಾಗುತ್ತದೆ. 2020ರಲ್ಲಿ ಕೋವಿಡ್ ಅಪ್ಪಳಿಸಿದಾಗ ಪಾಶ್ಚಾತ್ಯ ಬ್ರ್ಯಾಂಡುಗಳು ಏಷ್ಯಾದ ಕಾರ್ಖಾನೆಗಳಿಗೆ ಕೊಟ್ಟಿದ್ದ ಬೇಡಿಕೆಗಳನ್ನು ಸಾಲುಸಾಲಾಗಿ ರದ್ದುಪಡಿಸಿದ್ದನ್ನು ಮರೆಯುವಂತಿಲ್ಲ. ಅಂದು ಗೋದಾಮಿನಲ್ಲಿ ಬಟ್ಟೆ ಉಳಿಯಿತು, ಕಾರ್ಮಿಕರ ಕೈಯಲ್ಲಿ ಕೆಲಸ ಉಳಿಯಲಿಲ್ಲ.

ಎಲ್ಲಿಗೆ ಹೋಗುತ್ತದೆ?

ಮಿಕ್ಕ ಬಟ್ಟೆಯೆಲ್ಲ ಕಸವಾಗುತ್ತದೆ ಎಂದು ಭಾವಿಸುವುದು ಸರಿಯಲ್ಲ. ನಮ್ಮ ದೇಶದಲ್ಲಿ ಮಾರಾಟವಾಗದ ವಸ್ತು ಬಹಳ ಕಡಿಮೆ. ಥಾನುಗಳು ಸಗಟು ವ್ಯಾಪಾರಿಗಳ ಮೂಲಕ ಕಟ್‌ಪೀಸ್ ಅಂಗಡಿಗಳಿಗೆ ಬರುತ್ತವೆ. ಹೊಲಿದು ಮುಗಿದು ತಿರಸ್ಕೃತವಾದ ಅಂಗಿಗಳು ಕೊರಳಿನ ಚೀಟಿ ಕತ್ತರಿಸಿಕೊಂಡು 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಫಲಕದ ಕೆಳಗೆ ನೇತಾಡುತ್ತವೆ. ಬನಿಯನ್ ಬಟ್ಟೆಯ ಚಿಂದಿ 'ವೇಸ್ಟ್' ಎಂಬ ಹೆಸರಿನಲ್ಲಿ ಯಂತ್ರಾಗಾರಗಳ ಎಣ್ಣೆ ಒರೆಸಲು ಪೀಣ್ಯದ ಷೆಡ್ಡುಗಳಿಗೆ ಹೋಗುತ್ತದೆ. ಬಣ್ಣವಾರು, ನೂಲುವಾರು ಬೇರ್ಪಡಿಸಿದ ಹತ್ತಿಯ ಚಿಂದಿಯನ್ನು ಮತ್ತೆ ಅರಳೆ ಮಾಡಿ ನೂಲು ತೆಗೆಯುವ ಕಾರ್ಖಾನೆಗಳು ತಿರುಪ್ಪೂರು, ಪಾಣಿಪತ್‌ಗಳಲ್ಲಿವೆ.

ಆದರೆ ಈ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಬಟ್ಟೆಯ ಮೌಲ್ಯ ಕುಸಿಯುತ್ತದೆ. ಅಂಗಿಯಾಗಬಹುದಾಗಿದ್ದ ತುಂಡು ಒರೆಸುವ ಬಟ್ಟೆಯಾಗುತ್ತದೆ. ಚಿಂದಿಯನ್ನು ಹಿಂಜಿ ಅರಳೆ ಮಾಡಿದಾಗ ಎಳೆ ಮೊಟಕಾಗಿ ನೂಲು ಒರಟಾಗುತ್ತದೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ಬಟ್ಟೆಯನ್ನು, ಅದರಲ್ಲೂ ಹಿಗ್ಗುವ ಎಳೆ ಸೇರಿದ್ದನ್ನು, ಬೇರ್ಪಡಿಸುವುದು ಕಷ್ಟ. ಅದು ಕೊನೆಗೆ ಬೆಂಕಿಗೋ ಮಣ್ಣಿಗೋ ಹೋಗುತ್ತದೆ. ಉಡುಪಿಗೆ ಬಳಸುವ ಸಾಮಗ್ರಿಯಲ್ಲಿ ಮತ್ತೆ ಹೊಸ ಉಡುಪಾಗಿ ಹುಟ್ಟುವುದು ಶೇಕಡ 1ಕ್ಕಿಂತಲೂ ಕಡಿಮೆ ಎಂದು ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರ ವರದಿಯಲ್ಲಿ ಹೇಳಿತ್ತು. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯ ಸೇರುತ್ತದೆ ಎಂಬುದು 'ಫ್ಯಾಷನ್ ಫಾರ್ ಗುಡ್' ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಂದಾಜು.

ಒಂದು ಹತ್ತಿಯ ಟಿ-ಷರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬ ಲೆಕ್ಕವನ್ನು ಪರಿಸರ ಸಂಸ್ಥೆಗಳು ಬಹುಕಾಲದಿಂದ ಮುಂದಿಡುತ್ತಿವೆ. ಹೊಲದಲ್ಲಿ ಹತ್ತಿ ಕುಡಿದದ್ದು, ಬಣ್ಣದ ತೊಟ್ಟಿಯಲ್ಲಿ ಹರಿದದ್ದು ಎಲ್ಲವೂ ಅದರಲ್ಲಿ ಸೇರಿದೆ. ನೆಲಕ್ಕೆ ಬಿದ್ದ ಚಿಂದಿಯೂ ಅಷ್ಟೇ ನೀರು ಕುಡಿದಿರುತ್ತದೆ, ಅಷ್ಟೇ ಬಣ್ಣ ಹೀರಿರುತ್ತದೆ. ವೃಷಭಾವತಿಯ ದಂಡೆಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜಾಜಿನಗರ, ವಿಜಯನಗರಗಳ ಮಗ್ಗುಲಲ್ಲಿ ಸಾಗಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುವ ಈ ನದಿ ಮನೆಗಳ ಕೊಳಚೆಯ ಜೊತೆಗೆ ಕಾರ್ಖಾನೆಗಳ ರಾಸಾಯನಿಕವನ್ನೂ ಹೊತ್ತು ದಶಕಗಳೇ ಕಳೆದಿವೆ. ಬಳಸದೆ ಎಸೆಯುವ ಪ್ರತಿ ಗಜ ಬಟ್ಟೆಗಾಗಿಯೂ ಎಲ್ಲೋ ಒಂದು ನದಿ ವೃಥಾ ಮಲಿನವಾಗಿರುತ್ತದೆ.

ಕೌದಿಯ ಪಾಠ

ತುಂಡು ಬಟ್ಟೆಯನ್ನು ಜೋಡಿಸುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಇತ್ತು. ಹಳೆಯ ಸೀರೆ, ಧೋತರ, ಮಕ್ಕಳ ಲಂಗ, ಗಂಡಸರ ಅಂಗಿಗಳನ್ನು ಚೌಕವಾಗಿ, ತ್ರಿಕೋನವಾಗಿ ಹರಿದು, ಪದರದ ಮೇಲೆ ಪದರವಿಟ್ಟು, ಒತ್ತೊತ್ತಾಗಿ ದಾರ ಎಳೆದು ಹೊಲಿದ ಹೊದಿಕೆ ಅದು. ಅಜ್ಜಿಯ ಇಳಕಲ್ ಸೀರೆಯ ಸೆರಗು ಮೊಮ್ಮಗುವಿನ ಮೈಮೇಲೆ ಬೆಚ್ಚಗೆ ಉಳಿಯುತ್ತಿತ್ತು. ಖಣದ ತುಂಡುಗಳನ್ನು ಕೂಡಿಸಿ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು ಹೊಲಿಯುವ ಕವಂದ್ ಇಂದು ವಿದೇಶದ ವಸ್ತುಸಂಗ್ರಹಾಲಯಗಳ ಗಮನವನ್ನೂ ಸೆಳೆದಿದೆ. ಅಂಚಿನಿಂದ ಆರಂಭಿಸಿ ಸುತ್ತಿ ಸುತ್ತಿ ಒಳಕ್ಕೆ ಹೊಲಿಯುತ್ತಾ ಹೋಗಿ ನಡುವಿನಲ್ಲಿ ಮುಗಿಸುವುದು ಅದರ ಕ್ರಮ. ನಾಲ್ಕು ಮೂಲೆಗೂ ಮಡಿಸಿದ ತುಂಡಿನ 'ಹೂ' ಇಡಲೇಬೇಕು, ಅದಿಲ್ಲದ ಕವಂದ್ ಬತ್ತಲೆ ಎಂಬುದು ಅವರ ಭಾವನೆ.

ಇನ್ನೂ ಹಿಂದಕ್ಕೆ ಹೋದರೆ ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೌಶಾಂಬಿಯ ರಾಜ ಉದಯನನ ರಾಣಿವಾಸದವರು ಆನಂದನಿಗೆ ಐನೂರು ವಸ್ತ್ರಗಳನ್ನು ದಾನವಾಗಿ ಕೊಡುತ್ತಾರೆ. ಇಷ್ಟೊಂದು ಬಟ್ಟೆಯನ್ನು ಭಿಕ್ಷು ಏನು ಮಾಡುತ್ತಾನೆ ಎಂದು ರಾಜನಿಗೆ ಅನುಮಾನ. ಚೀವರ ಹರಿದವರಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಹಾಗಾದರೆ ಅವರ ಹಳೆಯ ಚೀವರ? ಅದು ಮೇಲುಹಾಸು. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು ನೆಲದ ಹಾಸಾಗುತ್ತದೆ, ನೆಲದ ಹಾಸು ಕಾಲೊರೆಸು, ಕಾಲೊರೆಸು ಧೂಳು ಒರೆಸುವ ಚಿಂದಿ. ಕೊನೆಗೆ ಆ ಚಿಂದಿಯನ್ನೂ ಕುಟ್ಟಿ ಮಣ್ಣಿನೊಂದಿಗೆ ಕಲಸಿ ನೆಲಕ್ಕೆ ಬಳಿಯುತ್ತೇವೆ ಎನ್ನುತ್ತಾನೆ. ರಾಜನಿಗೆ ಸಮಾಧಾನವಾಗಿ ಇನ್ನೂ ಐನೂರು ವಸ್ತ್ರ ಕೊಟ್ಟನಂತೆ. ಬಟ್ಟೆಯ ಮರುಬಳಕೆಯ ಬಗ್ಗೆ ಇಂದು ನಡೆಯುವ ವಿಚಾರ ಸಂಕಿರಣಗಳು ಇದಕ್ಕಿಂತ ಹೆಚ್ಚು ಹೇಳುತ್ತವೆಯೇ ಎಂದು ನನಗೆ ಸಂಶಯ.

ಇಲ್ಲಿಗೆ ನಿಲ್ಲಿಸಿದರೆ 'ನಮ್ಮ ಪೂರ್ವಜರು ಎಷ್ಟು ಜಾಣರು' ಎಂಬ ಹೆಮ್ಮೆಯಲ್ಲಿ ಲೇಖನ ಮುಗಿಸಬಹುದು. ಆದರೆ ಕೌದಿಯ ಬಗ್ಗೆ ಹೆಮ್ಮೆಪಡುವಾಗ ನಾವು ಹೇಳದೆ ಬಿಡುವ ಮಾತೊಂದಿದೆ. ಒಂದು ದೊಡ್ಡ ಕೌದಿಗೆ ವಾರಗಟ್ಟಲೆ ದುಡಿಮೆ ಬೇಕು. ಆ ದುಡಿಮೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಅಡುಗೆ, ಮುಸುರೆ, ಹೊಲದ ಕೆಲಸ ಎಲ್ಲ ಮುಗಿದ ಮೇಲೆ ಹೆಂಗಸರು ಮಧ್ಯಾಹ್ನದ ಹೊತ್ತು ಕುಳಿತು ಹೊಲಿದದ್ದು ಅದು. ಊರೂರು ಅಲೆದು ಹೊಲಿದುಕೊಡುತ್ತಿದ್ದ ಹೆಂಗಸರಿಗೂ ಕಾಳು ಕಡಿ, ಹಳೆ ಸೀರೆ, ಚೂರು ಪಾರು ಹಣ ಸಿಗುತ್ತಿತ್ತು, ಅಷ್ಟೆ. ಬಟ್ಟೆ ದುಬಾರಿಯಾಗಿತ್ತು, ಹೆಣ್ಣಿನ ಹೊತ್ತು ಪುಕ್ಕಟೆಯಾಗಿತ್ತು. ಆದ್ದರಿಂದ ಕೌದಿ ಹುಟ್ಟಿತು. ಇಂದು ಬಟ್ಟೆ ಅಗ್ಗವಾಗಿದೆ. ಹೆಣ್ಣುಮಕ್ಕಳು ತಮ್ಮ ಹೊತ್ತಿಗೆ ಬೆಲೆ ಕೇಳುತ್ತಿದ್ದಾರೆ, ಕೇಳಲೇಬೇಕು. ಹಾಗಾಗಿ ಕೌದಿ ಮರೆಯಾಗುತ್ತಿದೆ. ಹಳೆಯ ಮಿತವ್ಯಯ ಮರಳಿ ಬರಲಿ ಎನ್ನುವವರು ಹಳೆಯ ಬಿಟ್ಟಿ ಚಾಕರಿಯೂ ಮರಳಿ ಬರಲಿ ಎನ್ನುತ್ತಿಲ್ಲ ತಾನೇ?

ದರ್ಜಿಯ ಲೆಕ್ಕ

ವಿಜಯನಗರದಲ್ಲಿ ಬಹುಕಾಲದಿಂದ ಹೊಲಿಗೆ ಅಂಗಡಿ ಇಟ್ಟಿರುವ ಪರಿಚಿತರೊಬ್ಬರನ್ನು ತುಂಡು ಬಟ್ಟೆಗಳಿಂದ ಕುರ್ತಾ ಹೊಲಿಯುವುದು ಲಾಭದಾಯಕವೇ ಎಂದು ನಾನು ವಿಚಾರಿಸಿದ್ದೆ. ಅವರ ವಿವರಣೆ ಯಾವ ಅರ್ಥಶಾಸ್ತ್ರಜ್ಞನ ವಿವರಣೆಗೂ ಕಡಿಮೆಯಿರಲಿಲ್ಲ. ಇಡೀ ಬಟ್ಟೆಯಾದರೆ ಹಾಸಿ, ಗುರುತು ಹಾಕಿ, ಕತ್ತರಿಸಿ ಹೊಲಿದರಾಯಿತು. ಆರು ತುಂಡುಗಳಾದರೆ ಮೊದಲು ಅವನ್ನು ನೆನೆಸಿ ಒಣಗಿಸಬೇಕು. ಒಂದೊಂದು ಬಟ್ಟೆ ಕುಗ್ಗುವ ಪ್ರಮಾಣ ಒಂದೊಂದು ಬಗೆ, ಹಾಗೆಯೇ ಕೂಡಿಸಿದರೆ ಮೊದಲ ಒಗೆತಕ್ಕೇ ಹೊಲಿಗೆ ಸುಕ್ಕಾಗುತ್ತದೆ. ಹಾಸು ಹೊಕ್ಕುಗಳ ದಿಕ್ಕು ನೋಡಿ ಜೋಡಿಸಬೇಕು. ಪ್ರತಿ ಜೋಡಣೆಯ ಅಂಚನ್ನೂ ಮಡಿಸಿ ಇಸ್ತ್ರಿ ಮಾಡಬೇಕು. ಅಷ್ಟಾದ ಮೇಲೆ ಅದು ಒಂದು ಬಟ್ಟೆಯಾಗುತ್ತದೆ, ಹೊಲಿಗೆ ಆರಂಭವಾಗುವುದು ಅಲ್ಲಿಂದ ಮುಂದೆ. ಎರಡು ಮೂರು ಪಟ್ಟು ಹೊತ್ತು ಹಿಡಿಯುವ ಈ ಕೆಲಸಕ್ಕೆ ಗಿರಾಕಿ ಕೊಡಲು ಬಯಸುವುದು ಅರ್ಧ ಕೂಲಿ. ಕಾರಣ, 'ವೇಸ್ಟ್ ಬಟ್ಟೆ ತಾನೇ?'

ಕೆಲಸ ಹೆಚ್ಚು, ಕೂಲಿ ಕಡಿಮೆ ಎಂಬ ಈ ತಲೆಕೆಳಗಾದ ಲೆಕ್ಕದಿಂದಲೇ ಮಿಕ್ಕ ಬಟ್ಟೆ ಉಡುಪಾಗದೆ ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಬಟ್ಟೆಯನ್ನು ಪುಕ್ಕಟೆ ಕೊಟ್ಟರೂ ಈ ಲೆಕ್ಕ ಸರಿಹೋಗುವುದಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಬಲ್ಲವರಿದ್ದಾರಲ್ಲ, ಅವರು ಈ ಕೆಲಸ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಕಾರ್ಖಾನೆಯ ಸಾಲಿನಲ್ಲಿ ಒಬ್ಬಳು ಕೊರಳುಪಟ್ಟಿಯನ್ನಷ್ಟೇ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳನ್ನಷ್ಟೇ ಕೂಡಿಸುತ್ತಾಳೆ. ಕೆಲಸವನ್ನು ಕ್ಷಣಗಳಲ್ಲಿ ಅಳೆದು ಗಂಟೆಗಿಷ್ಟು ಎಂದು ಗುರಿ ಕೊಟ್ಟಿರುತ್ತಾರೆ. ಹತ್ತು ವರ್ಷ ದುಡಿದವಳ ಕೈಗೆ ಅಸಾಧಾರಣ ವೇಗ ಬಂದಿರುತ್ತದೆ, ಆದರೆ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಕತ್ತರಿಸಿ ಹೊಲಿಯುವ ಅವಕಾಶವೇ ಅವಳಿಗೆ ಒದಗಿರುವುದಿಲ್ಲ. ತುಂಡು ಬಟ್ಟೆಗೆ ಬೇಕಾದದ್ದು ಇಡೀ ಉಡುಪನ್ನು ಕಣ್ಣಿನಲ್ಲೇ ಕಂಡು ಕತ್ತರಿ ಹಿಡಿಯುವ ದರ್ಜಿಯ ವಿದ್ಯೆ. ಬೀದಿಯ ತಿರುವಿನಲ್ಲಿದ್ದ ಆ ದರ್ಜಿ ಸಿದ್ಧ ಉಡುಪಿನ ಹೊಡೆತಕ್ಕೆ ಅಂಗಡಿ ಮುಚ್ಚುತ್ತಿದ್ದಾನೆ, ಇಲ್ಲವೇ ಪ್ಯಾಂಟಿನ ಕಾಲು ಮೊಟಕು ಮಾಡಿಕೊಟ್ಟು ದಿನ ದೂಡುತ್ತಿದ್ದಾನೆ.

ನಾನು ವಾಸಿಸುವ ಬಡಾವಣೆ ಬಸವಣ್ಣನ ಹೆಸರು ಹೊತ್ತಿದೆ. ಆತನ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಸೂಜಿಯ ಕೆಲಸವನ್ನು ಹೆಸರಿನ ಮುಂದೆ ಹೆಮ್ಮೆಯಿಂದ ಇಟ್ಟುಕೊಳ್ಳಬಹುದಾದ ಕಾಲವೊಂದಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಈಗ ಸೂಜಿ ಹಿಡಿದವರನ್ನು ನಗರ ನೋಡುವುದು ಅವರು ಬೀದಿಗಿಳಿದಾಗ ಮಾತ್ರ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಬಂದರು. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ಸಂಚಾರ ನಿಂತಿತೆಂದು ಸಿಡುಕಿದ ನಮ್ಮಲ್ಲಿ ಬಹಳಷ್ಟು ಮಂದಿಯ ಮೈಮೇಲೆ ಅವರೇ ಹೊಲಿದ ಅಂಗಿಯಿತ್ತು.

ಹಸಿರು ಬಣ್ಣದ ಎಚ್ಚರ

ಮಿಕ್ಕ ಬಟ್ಟೆಯ ಉಡುಪಿಗೆ ಈಗ ಒಂದು ಚಿಕ್ಕ ಮಾರುಕಟ್ಟೆ ಹುಟ್ಟಿದೆ. ದೆಹಲಿಯ 'ಡೂಡ್‌ಲೇಜ್' 2012ರಿಂದಲೂ ಕಾರ್ಖಾನೆಯ ತ್ಯಾಜ್ಯ ಬಟ್ಟೆಯಿಂದ ಉಡುಪು ತಯಾರಿಸುತ್ತಾ ಬಂದಿದೆ. 1999ರಲ್ಲಿ ಆರಂಭವಾದ 'ಗೂಂಜ್' ನಗರದ ಹಳೆಯ ಬಟ್ಟೆಯನ್ನು ಹಳ್ಳಿಗೆ ಒಯ್ದಿತು, ಹತ್ತಿಯ ಹಳೆ ಬಟ್ಟೆಯಿಂದ ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡ್ ತಯಾರಿಸಿತು. ಅದರ ಸ್ಥಾಪಕ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವೆಲ್ಲ ಸ್ವಾಗತಾರ್ಹ.

ಆದರೆ ದೊಡ್ಡ ಬ್ರ್ಯಾಂಡುಗಳು ಇದೇ ಮಾತನ್ನು ಆಡತೊಡಗಿದಾಗ ನಾವು ಸ್ವಲ್ಪ ಎಚ್ಚರದಿಂದ ಕೇಳಬೇಕು. ಬ್ರಿಟನ್ನಿನ ಬರ್ಬೆರಿ ಕಂಪನಿ ಮಾರಾಟವಾಗದ 2.86 ಕೋಟಿ ಪೌಂಡ್ ಮೌಲ್ಯದ ಸರಕನ್ನು ಒಂದೇ ವರ್ಷದಲ್ಲಿ ನಾಶಪಡಿಸಿತ್ತೆಂಬ ಸಂಗತಿ 2018ರಲ್ಲಿ ಬಯಲಾಯಿತು. ಟೀಕೆ ಬಂದ ಮೇಲೆ ಅದೇ ವರ್ಷ ಆ ಪದ್ಧತಿಯನ್ನು ನಿಲ್ಲಿಸುವುದಾಗಿ ಕಂಪನಿ ಘೋಷಿಸಿತು. ಫ್ರಾನ್ಸ್ 2020ರಲ್ಲಿ ಮಾಡಿದ ಕಾನೂನು ಮಾರಾಟವಾಗದ ಉಡುಪನ್ನು ನಾಶಪಡಿಸುವುದನ್ನು 2022ರಿಂದ ನಿಷೇಧಿಸಿತು. ಐರೋಪ್ಯ ಒಕ್ಕೂಟವೂ 2024ರಲ್ಲಿ ಇಂಥದೇ ನಿಯಮ ತಂದು ದೊಡ್ಡ ಕಂಪನಿಗಳಿಗೆ 2026ರ ಜುಲೈಯನ್ನು ಗಡುವಾಗಿ ನಿಗದಿಪಡಿಸಿತು.

ಈ ಕಾನೂನುಗಳ ಕಣ್ಣು ಅಂಗಡಿಯ ಕಪಾಟಿನಲ್ಲಿ ಉಳಿದ ಸಿದ್ಧ ಉಡುಪಿನ ಮೇಲಿದೆ. ಬೆಂಗಳೂರಿನ ಕತ್ತರಿಯ ಮೇಜಿನ ಕೆಳಗೆ ಬಿದ್ದ ಚಿಂದಿಯ ಮೇಲೆ, ಇಲ್ಲಿನ ಗೋದಾಮಿನಲ್ಲಿ ಕೊಳೆಯುವ ಥಾನಿನ ಮೇಲೆ ಅಲ್ಲ. ಬೇಡಿಕೆ ಕೊಟ್ಟವರು ಅಲ್ಲಿ, ಮಿಗತೆ ಉಳಿಯುವುದು ಇಲ್ಲಿ. ಒಂದೆಳೆ ಬಣ್ಣ ಹೆಚ್ಚಾಯಿತೆಂದು ಸಾವಿರಾರು ಮೀಟರು ತಿರಸ್ಕರಿಸುವ ಖರೀದಿದಾರ ಅದರ ನಷ್ಟದಲ್ಲಿ ಪಾಲು ಹೊರುವಂತಾದರೆ ಮಿಗತೆ ತಾನಾಗಿಯೇ ತಗ್ಗುತ್ತದೆ. ಮಿಕ್ಕ ಬಟ್ಟೆಯಿಂದ ಉಡುಪು ಮಾಡುವುದು ಒಳ್ಳೆಯದು, ಬಟ್ಟೆ ಮಿಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಒಳ್ಳೆಯದು. ಸಾವಿರ ಅಂಗಿಗಳ ನಡುವೆ ಹತ್ತು ಚೀಲಗಳನ್ನು ಚಿಂದಿಯಿಂದ ಹೊಲಿದು ಹಸಿರು ಚೀಟಿ ಅಂಟಿಸಿದ ಮಾತ್ರಕ್ಕೆ ಪಾಪ ತೊಳೆಯುವುದಿಲ್ಲ.

ಏನು ಮಾಡಬಹುದು?

ಮೊದಲ ಹೆಜ್ಜೆ ಕಾರ್ಖಾನೆಯಲ್ಲೇ ಆಗಬೇಕು. ಚಿಂದಿಯನ್ನು ಕತ್ತರಿಯ ಮೇಜಿನ ಬಳಿಯೇ ಹತ್ತಿ, ಪಾಲಿಯೆಸ್ಟರು, ಮಿಶ್ರ ಎಂದು ಬೇರ್ಪಡಿಸುವುದು ಸುಲಭ. ಯಾವ ಥಾನಿನಲ್ಲಿ ಏನಿದೆ ಎಂಬುದು ಆ ಕ್ಷಣದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗುಡಿಸಿ ಒಂದೇ ಮೂಟೆಗೆ ತುಂಬಿದ ಮೇಲೆ ಯಾವ ತಜ್ಞನಿಗೂ ಗೊತ್ತಾಗುವುದಿಲ್ಲ. ಅಂಗೈಯಗಲದ ಚಿಂದಿ ನೂಲಿಗೆ ಹೋಗಲಿ. ಅರ್ಧ ಮೀಟರಿನ ತುಂಡು ಒರೆಸುವ ಬಟ್ಟೆಯಾಗದೆ ಹೊಲಿಗೆಗೆ ಬರಲಿ. ಅದನ್ನೆಲ್ಲ ತೂಕದ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ಸುರಿಯುವ ಬದಲು ಒಂದು ಪಾಲನ್ನು ಸಮೀಪದ ಸ್ತ್ರೀಶಕ್ತಿ ಸಂಘಗಳಿಗೆ ಮೀಸಲಿಡಬಹುದು.

ಎರಡನೆಯದು ಪಾಲಿಕೆಯ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರಗಳು ಸೇರಿರುವ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಮನೆಗಳಿಗೂ ಹೊಲಿಗೆ ಘಟಕಗಳಿಗೂ ಬರವಿಲ್ಲ. ಬಟ್ಟೆ ಒಣಗಿರುವವರೆಗೆ ಮಾತ್ರ ಸಂಪನ್ಮೂಲ. ಒಮ್ಮೆ ಹಸಿ ಕಸದೊಂದಿಗೆ ಬೆರೆತು ನೆನೆದರೆ ಚಿಂದಿ ಆಯುವವರೂ ಮುಟ್ಟುವುದಿಲ್ಲ. ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ತಿಂಗಳಿಗೊಂದು ದಿನವನ್ನು ಬಟ್ಟೆಗೆಂದೇ ಗೊತ್ತುಪಡಿಸಿ, ಮನೆಗಳಿಂದ ಮತ್ತು ಚಿಕ್ಕ ಘಟಕಗಳಿಂದ ಪ್ರತ್ಯೇಕವಾಗಿ ಸಂಗ್ರಹಿಸುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

ಮೂರನೆಯದು ಸರ್ಕಾರದ ಯೋಜನೆಗಳನ್ನು ಒಂದಕ್ಕೊಂದು ಜೋಡಿಸುವುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳೂ ಸೇರಿದ್ದಾರೆ. ತರಬೇತಿ, ಸಲಕರಣೆಗೆಂದು 15,000 ರೂಪಾಯಿವರೆಗಿನ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿವೆ. ಯಂತ್ರ ಸಿಕ್ಕರೆ ಸಾಲದು, ಅದರ ಸೂಜಿಯ ಕೆಳಗೆ ಬಟ್ಟೆಯೂ ಅದರಾಚೆಗೆ ಗಿರಾಕಿಯೂ ಬೇಕು. ಹೊಲಿಗೆ ಯಂತ್ರ ಪಡೆದು ಅದರ ಮೇಲೆ ಹೊದಿಕೆ ಹಾಕಿಟ್ಟಿರುವ ಮನೆಗಳು ನಮ್ಮ ಸುತ್ತಮುತ್ತ ಎಷ್ಟಿಲ್ಲ? ಕಾರ್ಖಾನೆಯ ತುಂಡು ಬಟ್ಟೆ ಅಲ್ಲಿಗೆ ತಲುಪಿದರೆ, ತುಂಡಿನಿಂದ ಇಡೀ ಉಡುಪು ಕತ್ತರಿಸುವುದನ್ನು ಹಳೆಯ ದರ್ಜಿಗಳಿಂದಲೇ ಗೌರವಧನ ಕೊಟ್ಟು ಕಲಿಸಿದರೆ, ಮುಚ್ಚುತ್ತಿರುವ ಒಂದು ವಿದ್ಯೆಯೂ ಉಳಿಯುತ್ತದೆ. ಪ್ಲಾಸ್ಟಿಕ್ ಕೈಚೀಲಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. ಆದರೂ ಮಾರುಕಟ್ಟೆಗಳಲ್ಲಿ ಅವು ಕಾಣುತ್ತಲೇ ಇವೆ. ಅಲ್ಲಿಗೆ ಬೇಕಾದ ಚೀಲದ ಬಟ್ಟೆ ಕೆಲವೇ ಮೈಲಿಯಾಚೆ ಮೂಟೆಗಟ್ಟಲೆ ಬಿದ್ದಿದೆ.

ಕೊನೆಯದು ನಮ್ಮ ನಿಮ್ಮ ಪಾಲು. ಮುಂದಿನ ಹಬ್ಬಕ್ಕೆ ರವಿಕೆ ಕಣದ ಜೊತೆಗೆ ಅದರ ಹೊಲಿಗೆ ಕೂಲಿಯನ್ನೂ ಒಂದು ಲಕೋಟೆಯಲ್ಲಿಟ್ಟು ಕೊಡುವ ಪದ್ಧತಿಯನ್ನು ನಮ್ಮ ಮಹಿಳಾ ಮಂಡಳಿಗಳೇಕೆ ಆರಂಭಿಸಬಾರದು? ಹತ್ತು ಜನರಿಗೆ ಬರಿಯ ಬಟ್ಟೆ ಕೊಡುವ ಬದಲು ಮೂರು ಜನರಿಗೆ ಉಡುವ ರವಿಕೆ ಕೊಟ್ಟಂತಾಗುತ್ತದೆ, ಪಕ್ಕದ ಬೀದಿಯ ದರ್ಜಿಗೂ ಬಾಗಿನ ಸಲ್ಲುತ್ತದೆ. ತುಂಡು ಜೋಡಿಸಿದ ಕುರ್ತಾಕ್ಕೆ ಇಡೀ ಬಟ್ಟೆಯ ಕುರ್ತಾಕ್ಕಿಂತ ಕೂಲಿ ಹೆಚ್ಚು ಎಂದು ದರ್ಜಿ ಹೇಳಿದಾಗ ಚೌಕಾಸಿ ಮಾಡದೆ ಕೊಡುವುದನ್ನೂ ನಾವು ಕಲಿಯಬೇಕು. ಅಲ್ಲಿ ನಾವು ಕೊಳ್ಳುತ್ತಿರುವುದು ಅವನ ಹೊತ್ತನ್ನು, ಬಟ್ಟೆಯನ್ನಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನಾವು ಕಾಲಿಗೆ ತಕ್ಕಂತೆ ಹಾಸಿಗೆಯನ್ನು ಹಿಗ್ಗಿಸುತ್ತಾ ಬಂದೆವು, ಅದಕ್ಕೆ ಬೇಕಾದ ಹತ್ತಿ, ನೀರು, ಬಣ್ಣಗಳ ಲೆಕ್ಕ ಇಡಲಿಲ್ಲ. ಆ ಲೆಕ್ಕವನ್ನು ಈಗಲಾದರೂ ಇಡಬೇಕೆಂದು ಜಗತ್ತು ಮಾತನಾಡುತ್ತಿದೆ. ಹಾಗೆ ಇಡುವ ಪುಸ್ತಕದಲ್ಲಿ ಹೊಲಿಯುವವರ ಕೂಲಿಗೂ ಒಂದು ಸಾಲು ಇರಲಿ. ಅದಿಲ್ಲದಿದ್ದರೆ ಕಾಮಾಕ್ಷಿಪಾಳ್ಯದ ಮೂಟೆಗಳು ಮೂಟೆಗಳಾಗಿಯೇ ಉಳಿಯುತ್ತವೆ. ಮಿಕ್ಕ ಬಟ್ಟೆಯ ಉಡುಪು ಮಾಲ್‌ಗಳ ದುಬಾರಿ ಅಂಗಡಿಯಲ್ಲಿ ಕೆಲವರ ಅಂತಃಸಾಕ್ಷಿಗೆ ಸಮಾಧಾನ ತರುವ ಸರಕಾಗಿ ನಿಂತುಬಿಡುತ್ತದೆ.